ಐದು ಸೇರು ಸುಣ್ಣಕಲ್ಲು

ಇನ್ನೂರು ಕೋಳಿಮರಿಗಳಲ್ಲಿ ನೂರೈವತ್ತು ಬದುಕಿ, ಹದಿನಾಲ್ಕು ವಾರಕ್ಕೆ ಒಂದೊಂದೂ ಒಂದು ಸೇರು ತೂಗಿದರೆ ನನಗೆ ಆಳಂದ ಸಿಗುತ್ತಿತ್ತು. ಕರಾರು ಇಷ್ಟೇ. ಜೇವರ್ಗಿಯ ದನದ ದವಾಖಾನೆಯ ಡಾಕ್ಟರ್ ಸಾಹೇಬರು ಇದನ್ನು ನನಗೆ ಬಾಯಿಮಾತಿನಲ್ಲಿ ಹೇಳಿ, ಮೇಲಿನ ಕಚೇರಿಗೂ ಬರೆದು ಹಾಕಿದ್ದರು. ಆಳಂದದ ದವಾಖಾನೆಯಲ್ಲಿ ಕಂಪೌಂಡರನ ಜಾಗ ಖಾಲಿ ಇತ್ತು. ಅಲ್ಲಿ ಎತ್ತು, ಎಮ್ಮೆ, ಕುದುರೆ ಇದ್ದವು, ಕೋಳಿ ಇರಲಿಲ್ಲ. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ.

ಯಾಕೆಂದರೆ ನನ್ನ ಹೆಂಡತಿ ಆಳಂದದಲ್ಲಿ ತವರುಮನೆಯಲ್ಲಿದ್ದಳು. ಮದುವೆಯಾಗಿ ಎರಡು ವರ್ಷವಾಗಿತ್ತು, ನಾವು ಒಂದೇ ಸೂರಿನಡಿ ಇದ್ದದ್ದು ಯಡ್ರಾಮಿಯಲ್ಲಿ ಐದು ತಿಂಗಳು. ಆಮೇಲೆ ಅತ್ತೆಯವರು ಹಾಸಿಗೆ ಹಿಡಿದರು, ತೀರಿಕೊಂಡರು. ಒಬ್ಬರೇ ಉಳಿದ ತಂದೆಗೆ ರೊಟ್ಟಿ ಮಾಡಿ ಹಾಕಲು ಆಕೆ ಅಲ್ಲೇ ನಿಂತಳು. ಅಷ್ಟರಲ್ಲಿ ನನ್ನನ್ನು ಜೇವರ್ಗಿಗೆ ಹಾಕಿ, ಕೈಗೆ ಕೋಳಿ ಕೊಟ್ಟರು. ಮಾವನವರು ಆಳಂದದಲ್ಲಿ ಕನ್ನಡದ ಖಾಸಗಿ ಶಾಲೆ ನಡೆಸುವ ಮಾಸ್ತರರು. ದಿನಕ್ಕೆರಡು ಸಲ ಸ್ನಾನ, ಲಿಂಗಪೂಜೆ. ಕಾಗುಣಿತ ತಪ್ಪಿದವನನ್ನೂ ಮಡಿ ತಪ್ಪಿದವನನ್ನೂ ಒಂದೇ ಕಣ್ಣಿನಿಂದ ನೋಡುವವರು. ನಾನು ಹೆಂಡತಿಯನ್ನು ಕರೆತರಲು ಹೋದಾಗ ಪಡಸಾಲೆಯಲ್ಲಿ ಕೂಡಿಸಿ ಹೇಳಿದರು:

“ಎತ್ತಿಗೆ ಔಷಧ ಕುಡಿಸೋ ಅಳಿಯಗ ಮಗಳ್ನ ಕೊಟ್ಟೇನಿ, ಎಲುಬು ಕುಟ್ಟಿ ಕೋಳಿಗೆ ಹಾಕೋರಿಗಲ್ಲ. ಕೋಳಿ ಬಿಟ್ಟು ಬರ್ರಿ. ಅಲ್ಲೀ ತನಕ ಆಕಿ ಇಲ್ಲೇ ಇರ್ತಾಳ.”

ಆಕೆ ಬಾಗಿಲ ಹಿಂದೆ ನಿಂತಿದ್ದಳು. ಬಳೆ ಸಪ್ಪಳ ಕೇಳಿತು, ಮುಖ ಕಾಣಲಿಲ್ಲ. ವಾಪಸು ಬರುವ ದಾರಿಯುದ್ದಕ್ಕೂ ನಾನು ಆ ಬಳೆ ಸಪ್ಪಳವನ್ನೇ ನೆನೆಸಿಕೊಂಡು ಬಂದೆ. ಮಾವನ ಮೇಲೆ ಸಿಟ್ಟಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವೆಂದು ಆ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಅದು ಯುದ್ಧದ ಕಾಲ. ಫೌಜಿನ ದವಾಖಾನೆಗಳಲ್ಲಿ ಗಾಯಾಳುಗಳಿಗೆ ಕೋಳಿ ಬೇಕೆಂದು ಹೈದರಾಬಾದಿನಿಂದ ಹುಕುಂ ಬಂದಿತ್ತು. ನಮ್ಮ ಕಡೆಯ ಕೋಳಿ ತಿಪ್ಪೆ ಕೆದಕಿ, ಬೇಲಿ ಹಾರಿ, ತನ್ನ ಮನಸ್ಸು ಬಂದಾಗ ಬೆಳೆಯುವಂಥದು. ಮರಿಗಳನ್ನು ಕೂಡಿಹಾಕಿ, ತೂಗಿದ ತಿನಿಸು ಕೊಟ್ಟು, ಬೇಗ ಮೈ ಹಿಡಿಸುವ ಪದ್ಧತಿ ಆಗ ಹೊಸತು. ತಿಪ್ಪೆಯಲ್ಲಿ ಸಿಗುವ ಕಲ್ಲು, ಚಿಪ್ಪು, ಹುಳು ಯಾವುದೂ ಕೂಡಿಹಾಕಿದ ಮರಿಗೆ ಸಿಗುವುದಿಲ್ಲ. ಹಾಗಾಗಿ ಎಲುಬಿನ ಪುಡಿ, ಉಪ್ಪು, ಇದ್ದಿಲು ಎಲ್ಲವನ್ನೂ ನಾವೇ ಲೆಕ್ಕ ಹಾಕಿ ಬೆರೆಸಬೇಕು. ಅಷ್ಟು ನನಗೆ ಡಾಕ್ಟರ್ ಸಾಹೇಬರು ಹೇಳಿಕೊಟ್ಟಿದ್ದರು.

ದೀಪಾವಳಿ ಮುಗಿದ ಮೇಲೆ ಮರಿಗಳು ಬಿದಿರಿನ ಬುಟ್ಟಿಗಳಲ್ಲಿ ಬಂದವು. ಕಲಬುರ್ಗಿಯ ತನಕ ರೈಲು, ಅಲ್ಲಿಂದ ಭೀಮೆಯ ದಂಡೆಯ ತನಕ ಮೋಟಾರು, ಆಮೇಲೆ ದೋಣಿ. ಬಿಳಿ ಜಾತಿ, ಹತ್ತಿಯ ಉಂಡೆಗಳ ಹಾಗೆ. ನಾನು ಹುಟ್ಟಿದಾಗಿನಿಂದ ಕೋಳಿ ಮುಟ್ಟಿದವನಲ್ಲ. ಮೊದಲ ಮರಿಯನ್ನು ಅಂಗೈಯಲ್ಲಿ ಹಿಡಿದಾಗ ಅದರ ಎದೆ ಬಡಿದುಕೊಳ್ಳುವುದು ನನ್ನ ಬೆರಳಿಗೆ ಹತ್ತಿತು, ಪಾಪ ಅನ್ನಿಸಿತು. ಅವುಗಳಲ್ಲಿ ಇಪ್ಪತ್ತನ್ನು ಹಳ್ಳಿಯವರ ಕೈಯಲ್ಲಿ ಹೇಗೆ ಬೆಳೆಯುತ್ತವೆ ನೋಡೋಣವೆಂದು ಅಫಜಲಪುರದ ಒಬ್ಬ ಮುದುಕಿಗೆ ಕಳಿಸಿದೆವು. ಊರಲ್ಲೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಕೋಳಿ ಸಾಕುವುದರಲ್ಲಿ ಆಕೆಯ ಕೈ ಒಳ್ಳೆಯದೆಂದು ಹೆಸರಿತ್ತು.

ಮರಿಗಳ ಜೊತೆ ಒಂದು ಚೀಟಿ ಬಂದಿತ್ತು. ಉರ್ದು, ಕಚೇರಿಯ ಗೀಚು ಕೈಬರಹ, ಚುಕ್ಕಿ ಬಿದ್ದರೆ ಬಿತ್ತು ಬಿಟ್ಟರೆ ಬಿಟ್ಟಿತು. ಒಂದು ಮಣ ತಿನಿಸಿಗೆ ಏನೇನು ಎಷ್ಟೆಷ್ಟು ಎಂಬ ಪಟ್ಟಿ. ನಾನು ಸರಕಾರಿ ಶಾಲೆಯಲ್ಲಿ ಉರ್ದು ಕಲಿತವನು, ಓದಲು ಬರುತ್ತದೆಂಬ ಜಂಬ ಇತ್ತು. ಜೋಳದ ಹಿಟ್ಟು ಹದಿನಾರು ಸೇರು, ಶೇಂಗಾ ಹಿಂಡಿ ಆರು, ಗೋಧಿ ತೌಡು ಹತ್ತು, ಚೂನಾ ಐದು, ಎಲುಬಿನ ಪುಡಿ ಎರಡು, ಉಪ್ಪು ಅರ್ಧ, ಇದ್ದಿಲು ಅರ್ಧ. ಕೂಡಿದರೆ ಸರಿಯಾಗಿ ನಲವತ್ತು ಸೇರು, ಒಂದು ಮಣ. ಚೂನಾ ಅಂದರೆ ಸುಣ್ಣ. ಸುಟ್ಟ ಸುಣ್ಣ ತಿಂದರೆ ಮರಿಯ ಕರುಳು ಉಳಿದೀತೇ? ಹಾಗಾದರೆ ಸುಣ್ಣದ ಕಲ್ಲಿನ ಪುಡಿಯೇ ಇರಬೇಕೆಂದು ನಾನೇ ಅರ್ಥ ಮಾಡಿಕೊಂಡೆ. ಒಂದು ಸಲ ಡಾಕ್ಟರ್ ಸಾಹೇಬರನ್ನು ಕೇಳಿದೆ, “ಸುಣ್ಣ ಐದು ಸೇರು ಭಾಳ ಆಗಂಗಿಲ್ಲೇನ್ರಿ?” ಅವರು ಗರ್ಭ ನಿಂತ ಎಮ್ಮೆಯೊಂದರ ಹಿಂದೆ ಮೊಣಕೈ ತನಕ ಕೈ ಹಾಕಿ ನಿಂತಿದ್ದರು. “ಬರದಂಗ ಮಾಡ್ರಿ” ಅಂದರು.

ಬರೆದ ಹಾಗೆ ಮಾಡಿದೆ. ಸುಣ್ಣಕಲ್ಲಿಗೆ ನಮ್ಮ ಕಡೆ ಬರವಿಲ್ಲ, ಮನೆಯ ನೆಲಕ್ಕೆ ಹಾಸುವ ಪರಸಿ ಕಲ್ಲೇ ಸುಣ್ಣದ ಕಲ್ಲು. ಪರಸಿ ಕಡಿಯುವವರ ಹತ್ತಿರ ಹೋಗಿ ಚಕ್ಕೆ ತಂದು, ಕುಟ್ಟಿ, ಎರಡು ಸಲ ಜರಡಿ ಹಿಡಿದು, ಖಾಲಾನಿಗೂ ಒಂದು ಚೀಲ ಕಳಿಸಿದೆ. ಎಲುಬಿನದು ಇನ್ನೂ ದೊಡ್ಡ ಕೆಲಸ. ಹಂಡೆಯಲ್ಲಿ ಕುದಿಸಿ ಕೊಬ್ಬು ತೆಗೆಯಬೇಕು, ಬಿಸಿಲಿಗೆ ಹಾಕಿ ಒಣಗಿಸಬೇಕು, ಕೈಯಲ್ಲಿ ಮುರಿದರೆ ಚಟ್ ಅನ್ನುವ ತನಕ ಹುರಿದು ಆಮೇಲೆ ಒರಳಿಗೆ. ಮೊದಲ ದಿನ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ವಾರದಲ್ಲಿ ಬಟ್ಟೆ ಬಿಟ್ಟೆ. ಕೈ ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು. ಸಂಜೆ ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುವಾಗ ನಾನು ಆ ಉಗುರುಗಳನ್ನು ನೋಡಿಕೊಳ್ಳುತ್ತಾ ಕೂಡುತ್ತಿದ್ದೆ. ಯಡ್ರಾಮಿಯಲ್ಲಿ ಆಕೆ ರೊಟ್ಟಿ ಬಡಿಯುತ್ತಾ ನಡುವೆ ಒಂದು ಪೆಟ್ಟು ತಪ್ಪಿಸಿ, “ಏನ್ರಿ, ಬರ್ರಿ ಉಣ್ಣಾಕ” ಅನ್ನುತ್ತಿದ್ದಳು. ಪಕ್ಕದ ಮನೆಯವಳ ಪೆಟ್ಟು ತಪ್ಪುತ್ತಲೇ ಇರಲಿಲ್ಲ.

ಅರ್ಧ ಕಲಿತವನ ಅಬ್ಬರ ಹೆಚ್ಚು ಅನ್ನುತ್ತಾರಲ್ಲ, ಹಾಗೆ ನಾನು ಇನ್ನೊಂದು ಕೆಲಸ ಮಾಡಿದೆ. ಆ ಉರ್ದು ಪಟ್ಟಿಯನ್ನು ಕನ್ನಡಕ್ಕೆ ಇಳಿಸಿದೆ. ಮುಂದಿನ ತಂಡದ ಮರಿಗಳನ್ನು ಹಳ್ಳಿಯ ಹೆಣ್ಣುಮಕ್ಕಳಿಗೆ ಹಂಚುವುದಿತ್ತು, ಅವರಿಗೆ ಕನ್ನಡ ಬೇಕಲ್ಲ. ಹನ್ನೆರಡು ಪ್ರತಿ ಕೈಯಿಂದಲೇ ಬರೆದು ಅಫಜಲಪುರ, ಯಡ್ರಾಮಿ, ಆಳಂದದ ಕಡೆಗೆ ಕಳಿಸಿದೆ. ಇನ್ನೊಂದು ಪ್ರತಿಯನ್ನು ಮಾವನವರಿಗೂ ಕಳಿಸಿದೆ, ಕಾಗುಣಿತ ನೋಡಿಕೊಡಿರೆಂದು. ನಿಜ ಹೇಳಬೇಕೆಂದರೆ ಅಳಿಯ ಬರೀ ಎಲುಬು ಕುಟ್ಟುವವನಲ್ಲ, ಅಕ್ಷರಸ್ಥ ಎಂದು ತೋರಿಸುವ ಆಸೆ. ಅವರು ಕೆಂಪು ಮಸಿಯಲ್ಲಿ ನಾಲ್ಕು ಕಡೆ ತಿದ್ದಿ ವಾಪಸು ಕಳಿಸಿದರು. ‘ಮಿಶ್ರಣ’ದಲ್ಲಿ ಶಕಾರ ತಪ್ಪಿತ್ತಂತೆ. ಐದು ಸೇರು ಸುಣ್ಣಕಲ್ಲಿಗೆ ಅವರ ಕೆಂಪು ಮಸಿ ತಾಕಲಿಲ್ಲ. ಅದರಲ್ಲಿ ಕಾಗುಣಿತ ಸರಿಯಾಗಿತ್ತು.

ಮೂರು ವಾರ ಎಲ್ಲ ಚೆನ್ನಾಗಿಯೇ ಇತ್ತು. ನಾಲ್ಕನೇ ವಾರ ಒಂದು ಮರಿ ಮೊಣಕಾಲೂರಿ ಕೂತಿತು. ಎಬ್ಬಿಸಿದರೆ ಎರಡು ಹೆಜ್ಜೆ ಇಟ್ಟು ಮತ್ತೆ ಕೂತಿತು. ಮರುದಿನ ಆರು. ಕಾಲಿನ ಗಿಣ್ಣು ಊದಿ, ಹಿಂದಿನ ನರ ಪಕ್ಕಕ್ಕೆ ಜಾರಿ, ಪಾದ ಹೊರಕ್ಕೆ ತಿರುಗುತ್ತಿತ್ತು. ತಿನಿಸಿನ ತಟ್ಟೆ ಗೇಣುದ್ದ ದೂರವಿದ್ದರೂ ಅವು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ನಾನು ತಟ್ಟೆಯನ್ನೇ ಅವುಗಳ ಹತ್ತಿರ ಸರಿಸಿದೆ. ತಿನ್ನುವುದೂ ಕಡಿಮೆಯಾಗಿತ್ತು. ಹಿಕ್ಕೆ ಬೆಳ್ಳಗೆ, ಅಂಟು ಅಂಟಾಗಿ ಪುಕ್ಕಕ್ಕೆ ಮೆತ್ತಿಕೊಳ್ಳುತ್ತಿತ್ತು.

ಕಾಲು ಸೋತರೆ ಎಲುಬು ಮೆತ್ತಗಾಗಿದೆ, ಎಲುಬು ಮೆತ್ತಗಾದರೆ ಸುಣ್ಣ ಸಾಲದು. ಕರುಗಳ ವಿಷಯದಲ್ಲಿ ನಾನು ಕಲಿತ ಪಾಠ ಇದು. ಡಾಕ್ಟರ್ ಸಾಹೇಬರೂ ಹೌದೆಂದರು. ಐದು ಸೇರಿನ ಸುಣ್ಣಕಲ್ಲನ್ನು ಏಳು ಸೇರು ಮಾಡಿದೆ, ಎಲುಬಿನ ಪುಡಿಯನ್ನು ಮೂರು. ಬೆಳಿಗ್ಗೆ ಬಿಸಿಲು ಬೀಳುವ ಕಡೆಗೆ ಮರಿಗಳನ್ನು ಎತ್ತಿ ಎತ್ತಿ ಬಿಟ್ಟೆ. ವಾರದಲ್ಲಿ ಮೂವತ್ತು ಸತ್ತವು.

ಸತ್ತದ್ದೊಂದನ್ನು ಕೊಯ್ದು ನೋಡಿದೆ. ಮೂತ್ರಪಿಂಡ ಊದಿಕೊಂಡಿತ್ತು. ಅದರ ತುಂಬ, ಅಲ್ಲಿಂದ ಇಳಿಯುವ ನಾಳದ ತುಂಬ, ಬಿಳಿ ಬಿಳಿ ಗಟ್ಟಿ ಲೇಪ. ಗೋಡೆಗೆ ಬಳಿಯುವ ಸುಣ್ಣದ ಹಾಗೇ ಇತ್ತು. ಅದನ್ನು ಕಣ್ಣಾರೆ ಕಂಡೂ ನನಗೆ ಹೊಳೆಯಲಿಲ್ಲ. ಕೊಟ್ಟ ಸುಣ್ಣ ಎಲುಬಿಗೆ ಹತ್ತದೆ ಹೊರಗೆ ಹೋಗುತ್ತಿದೆ, ಇನ್ನೂ ನುಣ್ಣಗೆ ಅರೆದು ಕೊಡಬೇಕು ಅಂದುಕೊಂಡೆ. ಇವತ್ತಿಗೂ ಇದನ್ನು ನೆನೆಸಿದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕಣ್ಣಿದ್ದೂ ಕುರುಡನಾದದ್ದು ಮರಿಗಳ ಮೇಲಿನ ಕಾಳಜಿಯಿಂದಲ್ಲ, ಆಳಂದದ ಮೇಲಿನ ಆಸೆಯಿಂದ. ಒಂದೊಂದು ಮರಿ ಸತ್ತಾಗಲೂ ನಾನು ಎಣಿಸುತ್ತಿದ್ದದ್ದು ನೂರೈವತ್ತಕ್ಕೆ ಇನ್ನೆಷ್ಟು ಉಳಿಯಿತು ಎಂದು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು. ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಕಾಳು ಸೊಪ್ಪಿನ ಭಜ್ಜಿ. ಮಾವನವರ ತುಂಡು ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಆಕೆ ಬುತ್ತಿ ಬಿಚ್ಚುತ್ತಿರುತ್ತಾಳೆ, ನನ್ನ ಪಾಲಿನ ಭಜ್ಜಿಯನ್ನು ಯಾರಿಗೆ ಬಡಿಸಿದಳೋ ಎಂದು ಯೋಚಿಸುತ್ತಾ ನಾನು ದೊಡ್ಡಿಯಲ್ಲಿ ನಿಂತಿದ್ದೆ. ಕಾಲಬಳಿ ನೂರಾ ಹದಿನಾಲ್ಕು ಮರಿ, ಅವುಗಳಲ್ಲಿ ಅರ್ಧ ಕುಂಟು. ನನ್ನ ಲೆಕ್ಕ ನೂರೈವತ್ತರ ಕೆಳಗೆ ಇಳಿದಾಗಿತ್ತು. ಖಾಲಾನ ಇಪ್ಪತ್ತು ಸೇರಿಸಿದರೂ ಮುಟ್ಟುತ್ತಿರಲಿಲ್ಲ. ಆದರೂ ನೋಡಿ ಬರೋಣ, ಎಲ್ಲ ಕಡೆಯೂ ಹೀಗೇ ಆಗಿದ್ದರೆ ಮರಿಗಳದೇ ದೋಷ ಅನ್ನಬಹುದು, ಸಾಹೇಬರು ಇನ್ನೊಂದು ಅವಕಾಶ ಕೊಟ್ಟಾರು. ಈ ಹುಳುಕು ಲೆಕ್ಕ ಹಾಕಿಕೊಂಡು ಮರುದಿನ ಹೊಳೆ ದಾಟಿದೆ. ಗಾಣಗಾಪುರದ ಮೇಲಿಂದ ಯಾತ್ರಿಕರ ಗಾಡಿ ಹಿಡಿದು ಹೋದೆ. ಗುಡಿಯ ಶಿಖರ ಕಂಡಾಗ ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ. ಖಾಲಾನ ಮರಿಗಳೂ ಕುಂಟಿರಲಿ ಎಂದು ಬೇಡಿಕೊಂಡೆನೆಂದು ಹೇಳಲು ನಾಚಿಕೆಯಾಗುತ್ತದೆ.

ಖಾಲಾನ ಅಂಗಳದಲ್ಲಿ ಹದಿನೆಂಟು ಬಿಳಿ ಮರಿಗಳು ಓಡಾಡುತ್ತಿದ್ದವು. ಒಂದು ಹುಂಜ ನನ್ನನ್ನು ಕಂಡು ಕತ್ತು ಉಬ್ಬಿಸಿ ಜಗಳಕ್ಕೇ ಬಂತು.

“ನಾ ಕೊಟ್ಟ ಪುಡಿ ಹಾಕಿರಿಲ್ಲೋ, ಖಾಲಾ?”

“ಹಾಕಿದ್ದೆ ಬೇಟಾ. ಎಂಟ ದಿನಕ್ಕ ಎರಡು ಕುಂಟಿದುವು, ಸತ್ತುವು. ನಿಲ್ಲಿಸಿಬಿಟ್ಟೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿಲ್ಲಸ್ಲಿಕ್ಕೆ ನಿಮಗ ಯಾರು ಹೇಳಿದ್ರು? ಹೈದರಾಬಾದದಿಂದ ಬರದು ಕಳ್ಸ್ಯಾರ!”

“ಹೈದರಾಬಾದದವರು ಕೋಳಿಗೆ ಕೇಳಿ ಬರದಾರೇನು?” ಎಂದು ಆಕೆ ನಕ್ಕಳು. ಒಡೆದ ಗಡಿಗೆಯ ಬಿಲ್ಲೆಯೊಂದನ್ನು ತೋರಿಸಿದಳು. ಅದರಲ್ಲಿ ಸುಣ್ಣಕಲ್ಲಿನ ಹರಳು, ಹೊಳೆಯ ಚಿಪ್ಪಿನ ಚೂರು ಇದ್ದವು. “ಕಲ್ಲು ಬ್ಯಾರೆ ಇಡ್ಬೇಕು, ಕಾಳು ಬ್ಯಾರೆ ಇಡ್ಬೇಕು. ಬೇಕಾದಷ್ಟು ಅದೇ ಹೆಕ್ಕತದ. ನೀ ಹಿಟ್ಟಿನ್ಯಾಗ ಕಲಸಿ ಹಾಕಿದ್ರ ಪಾಪ ಅದು ಏನು ಮಾಡ್ತದ? ಹೊಟ್ಟಿ ಹಸಿದ್ರ ಕಲ್ಲೂ ತಿನ್ನಬೇಕು. ಆ ನಿನ್ನ ಕಾಗದ ಎಲ್ಲದ? ಕನ್ನಡದ್ದಲ್ಲ, ಮೂಲದ್ದು ತೋರ್ಸು.”

ಮೂಲ ಚೀಟಿ ನನ್ನ ಕಿಸೆಯಲ್ಲೇ ಇತ್ತು. ಸಾಹೇಬರು ಕೇಳಿದರೆ ತೋರಿಸಲೆಂದು ಇಟ್ಟುಕೊಂಡು ಓಡಾಡುತ್ತಿದ್ದೆ. ಆಕೆ ಒಳಗೆ ಹೋಗಿ, ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ಬಂದು ಬಿಸಿಲಿಗೆ ಹಿಡಿದಳು. ಆಕೆಯ ಗಂಡ ಬದುಕಿದ್ದಾಗ ತಹಸೀಲು ಕಚೇರಿಯಲ್ಲಿ ಕಾಗದಗಳನ್ನು ನಕಲು ಮಾಡುವ ಕೆಲಸದಲ್ಲಿದ್ದನೆಂದು ಆಗ ತಿಳಿಯಿತು. ಸಂಜೆ ಮನೆಗೆ ತಂದ ಕಾಗದಗಳನ್ನು ಆಕೆ ಓದಿ ಹೇಳುವುದು, ಆತ ಬರೆದುಕೊಳ್ಳುವುದು. ಮೂವತ್ತು ವರ್ಷ ಹಾಗೆ ನಡೆದಿತ್ತಂತೆ.

“ಜವಾರ್, ಖಲೀ, ಚೋಕರ್...” ಎಂದು ಬೆರಳಿಟ್ಟು ಓದುತ್ತಾ ಬಂದವಳು ನಿಂತಳು. “ಚನಾ, ಪಾಂಚ್ ಸೇರ್.”

“ಚೂನಾ,” ಎಂದೆ ನಾನು.

“ಚೂನಾಕ್ಕ ವಾವ್ ಬೇಕಲ್ಲೋ ಬೇಟಾ. ವಾವ್ ಎಲ್ಲದ ಇದ್ರಾಗ?”

ನಾನು ಬೆರಳು ತೋರಿಸಿದೆ. ಆಕೆ ತಲೆ ಅಲ್ಲಾಡಿಸಿದಳು. ಅದು ಚ-ವನ್ನು ಚೂ ಮಾಡುವ ವಾವ್ ಅಕ್ಷರವೇ ಆಗಿರಲಿಲ್ಲ. ಮೇಲಿನ ಸಾಲಿನಲ್ಲಿ ತೌಡಿಗೆ ಬರೆದ ‘ಚೋಕರ್’ ಎಂಬುದರ ಕೊನೆಯ ರೇ ಅಕ್ಷರದ ಬಾಲ. ಗುಮಾಸ್ತನ ಅವಸರದಲ್ಲಿ ಅದು ಕೆಳಗಿನ ಸಾಲಿಗೆ ಇಳಿದು, ಚೇ ಮತ್ತು ನೂನ್ ಅಕ್ಷರಗಳ ನಡುವೆ ಕೂತಿತ್ತು. ಅದನ್ನು ತೆಗೆದು ಓದಿದರೆ ಚನಾ. ಕಡಲೆ. ಐದು ಸೇರು ಕಡಲೆ ಹಿಟ್ಟಿನ ಜಾಗದಲ್ಲಿ ನಾನು ಮರಿಗಳಿಗೆ ಐದು ಸೇರು ಕಲ್ಲು ತಿನ್ನಿಸಿದ್ದೆ. ಕುಂಟಿದವಕ್ಕೆ ಏಳು ಸೇರು.

ಅಲ್ಲೇ ಕಟ್ಟೆಯ ಮೇಲೆ ಕೂತೆ. ಖಾಲಾ ಬಯ್ಯಲಿಲ್ಲ. ಚೀಟಿಯನ್ನು ವಾಪಸು ಕೊಡದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ನಮ್ಮ ಮನಿಯವರೂ ಹಿಂಗೇ ರೇ ಎಳೀತಿದ್ರು,” ಅಂದಳು. “ಕೆಳಗಿನ ಸಾಲಿನ ತನಕ. ಎಷ್ಟು ಜಗಳಾಡ್ತಿದ್ದೆ ಅದಕ್ಕ. ಅವರು ಹೋದ ಮ್ಯಾಲೆ ಇಂಥಾ ಬರಹ ನೋಡೇ ಇದ್ದಿಲ್ಲ. ಸ್ವಲ್ಪ ಹೊತ್ತು ಇರ್ಲಿ ನನ್ನ ಕಡೆ. ಕೊಡ್ತೇನಿ.”

ಆಕೆ ಕೊಡುವ ತನಕ ಕಾದೆ. ಗಂಡನನ್ನು ಕಳಕೊಂಡ ಆ ಮುದುಕಿಯ ಕೈಯಲ್ಲಿ ಒಂದು ಅಕ್ಷರದ ಬಾಲ ಇತ್ತು. ನನ್ನ ಹೆಂಡತಿ ಬದುಕಿದ್ದಾಳೆ, ಎರಡು ದಿನದ ದಾರಿಯಲ್ಲಿದ್ದಾಳೆ, ಆದರೂ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಜೇವರ್ಗಿಗೆ ಬಂದವನೇ ಮೊದಲು ತಟ್ಟೆಗಳಲ್ಲಿದ್ದ ತಿನಿಸನ್ನೆಲ್ಲ ಸುರಿದು ಗುಂಡಿಗೆ ಹಾಕಿದೆ. ಆಮೇಲೆ ಡಾಕ್ಟರ್ ಸಾಹೇಬರ ಮುಂದೆ ಚೀಟಿ ಇಟ್ಟು ಎಲ್ಲ ಹೇಳಿದೆ. ಅವರು ಹಣೆ ಒತ್ತಿಕೊಂಡರು. ಒಳ್ಳೆಯ ಮನುಷ್ಯ, ನನ್ನ ಮನೆಯ ಕಥೆಯೆಲ್ಲ ಗೊತ್ತಿದ್ದವರು.

“ನೋಡ್ರಿ, ಚೀಟಿ ನೀವು ತಪ್ಪು ಓದಿದ್ದು ಯಾರಿಗೆ ಗೊತ್ತದ? ಮರಿ ದಾರ್ಯಾಗ ಥಂಡಿ ಹತ್ತಿ ಬಂದಿದ್ದುವು, ಹುಟ್ಟಾ ಬಲ ಇದ್ದಿಲ್ಲ ಅಂತ ಬರೀತೇನಿ. ಉಳಿದದ್ದು ಚೆಂದ ಮಾಡಿ ತೋರ್ಸ್ರಿ. ನಿಮ್ಮ ಆಳಂದ ಉಳೀತದ.”

ಒಂದು ದಿನ ಪುರುಸೊತ್ತು ಕೊಡಿರೆಂದು ಕೇಳಿಕೊಂಡು ಬಂದೆ. ಆಳಂದದ ದವಾಖಾನೆಯ ಹಿಂದೆ ಎರಡು ಅಂಕಣದ ಮನೆ ಇತ್ತು. ಅದರ ಅಡುಗೆಮನೆಯ ಕಿಟಕಿ ಯಾವ ಕಡೆಗಿದೆ ಎಂಬುದೂ ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆ ಕಿಟಕಿಯಿಂದ ರೊಟ್ಟಿಯ ಸಪ್ಪಳ ಬರುತ್ತಿತ್ತು. ಆದರೆ ನನ್ನ ಹನ್ನೆರಡು ಕನ್ನಡ ಪ್ರತಿಗಳು ಊರೂರಿಗೆ ಹೋಗಿ ಕೂತಿದ್ದವು. ತಿಂಗಳೊಪ್ಪತ್ತಿನಲ್ಲಿ ಹೆಣ್ಣುಮಕ್ಕಳ ಕೈಗೆ ಮರಿ ಬರುತ್ತದೆ, ಅವರು ಪರಸಿ ಕಲ್ಲು ಕುಟ್ಟಿ ಹಿಟ್ಟಿಗೆ ಬೆರೆಸುತ್ತಾರೆ. ಖಾಲಾನ ಹಾಗೆ ನಿಲ್ಲಿಸುವ ಧೈರ್ಯ ಎಲ್ಲರಿಗೂ ಎಲ್ಲಿಂದ ಬರಬೇಕು? ಅಕ್ಷರದಲ್ಲಿ ಬರೆದದ್ದೆಂದರೆ ನಮ್ಮ ಜನ ದೇವರು ಹೇಳಿದ್ದು ಅಂದುಕೊಳ್ಳುತ್ತಾರೆ. ಪ್ರತಿ ವಾಪಸು ತರಿಸಬೇಕೆಂದರೆ ಯಾಕೆ ತಪ್ಪಿತು, ಯಾರು ತಪ್ಪಿದರು ಎಂದು ಹೇಳಲೇಬೇಕು.

ಮರುದಿನ ಬೆಳಿಗ್ಗೆ ಉರ್ದುವಿನಲ್ಲಿ ಬರೆದು ಕೊಟ್ಟೆ. ‘ಚೀಟಿಯಲ್ಲಿ ಚನಾ ಎಂದಿದ್ದದ್ದನ್ನು ನಾನು ಚೂನಾ ಎಂದು ಓದಿದೆ. ಮರಿಗಳಿಗೂ ಜಾತಿಗೂ ದೋಷವಿಲ್ಲ.’ ಸಾಹೇಬರು ಓದಿ, “ಹುಚ್ಚಪ್ಪ ಇದ್ದೀರಿ ನೀವು” ಎಂದು ಸಹಿ ಹಾಕಿದರು. ಹನ್ನೆರಡು ಕಡೆಗೂ ಒಂದೊಂದು ಕಾಗದ ಬರೆದೆ. ಅದಲ್ಲದೆ ಆಳಂದದ ಮನೆಗೆ ಎರಡು. ಮಾವನವರಿಗೆ ತಪ್ಪೊಪ್ಪಿಗೆಯ ಕನ್ನಡ ನಕಲು ಕಳಿಸಿ, ತಾವು ತಿದ್ದಿಕೊಟ್ಟ ಪ್ರತಿಯನ್ನು ಹರಿದು ಹಾಕಿದೆನೆಂದು ತಿಳಿಸಿದೆ. ಹೆಂಡತಿಗೆ ಬೇರೆ ಬರೆದೆ. ಆಳಂದ ಇನ್ನು ಇಲ್ಲ, ಕೋಳಿ ಬಿಡಲಾಗುವುದಿಲ್ಲ, ನಿನ್ನನ್ನು ಬಾ ಅನ್ನಲು ನನಗೆ ಮುಖವಿಲ್ಲ, ಆದರೆ ದಿನಾ ಸಂಜೆ ನಿನ್ನ ನೆನಪಾಗುತ್ತದೆ. ಕೊನೆಯ ಮಾತು ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ.

ಕೆಟ್ಟ ಮೇಲೆ ಬುದ್ಧಿ ಬಂತು ಸರಿ, ಕಡಲೆ ಎಲ್ಲಿಂದ ಬರಬೇಕು? ಫೌಜಿನ ಕುದುರೆಗಳಿಗೆಂದು ಆ ಸಲ ಕಡಲೆಯೆಲ್ಲ ಸರಕಾರ ಎತ್ತಿಕೊಂಡಿತ್ತು, ಜೇವರ್ಗಿಯ ಬಜಾರದಲ್ಲಿ ಬೇಡಿದರೂ ಸಿಗುತ್ತಿರಲಿಲ್ಲ. ತೊಗರಿ ಒಡೆದಾಗ ಉಳಿಯುವ ನುಚ್ಚು ತಂದು ಬೀಸಿ ಅದನ್ನೇ ಐದು ಸೇರು ಹಾಕಿದೆ. ಎಲುಬಿನ ಪುಡಿಯನ್ನು ಒಂದೇ ಸೇರಿಗೆ ಇಳಿಸಿ, ಆ ಒಂದು ಸೇರಿನ ಜಾಗಕ್ಕೆ ತೌಡು ಹೆಚ್ಚಿಸಿದೆ. ಸುಣ್ಣಕಲ್ಲಿನ ಹರಳು, ಚಿಪ್ಪಿನ ಚೂರು ಖಾಲಾ ಮಾಡಿದ ಹಾಗೆ ಬೇರೆ ಬಿಲ್ಲೆಯಲ್ಲಿ. ನೀರಿಗೆ ಸ್ವಲ್ಪ ಬೆಲ್ಲ ಕರಗಿಸಿ ಇಟ್ಟೆ. ಗೆದ್ದಲು ಹತ್ತಿದ ಹುತ್ತ ಕಂಡಲ್ಲಿ ಅಗೆದು ತಂದು ಸುರಿದೆ. ಮರಿಗಳು ಮೈಮೇಲೆ ದೇವರು ಬಂದವರ ಹಾಗೆ ಮುಗಿಬಿದ್ದವು. ಕಲ್ಲಿನ ಬಿಲ್ಲೆಯ ಹತ್ತಿರ ಆಗೊಂದು ಈಗೊಂದು ಹೋಗಿ ಎರಡು ಹರಳು ಕುಕ್ಕಿ ಬರುತ್ತಿತ್ತು. ಇಡೀ ದಿನಕ್ಕೆ ಎಲ್ಲ ಸೇರಿ ಒಂದು ಹಿಡಿ ತಿನ್ನುತ್ತಿರಲಿಲ್ಲ. ನಾನು ಎಷ್ಟು ತಿನ್ನಿಸಿದ್ದೆನೆಂದು ಆಗ ನಿಜವಾಗಿ ತಿಳಿಯಿತು.

ಹತ್ತು ದಿನದಲ್ಲಿ ಸಾವು ನಿಂತಿತು. ನರ ಜಾರಿದ ಕಾಲು ಮತ್ತೆ ನೆಟ್ಟಗಾಗಲಿಲ್ಲ, ಆ ಮರಿಗಳು ಕೊನೆಯ ತನಕ ಕುಂಟುತ್ತಲೇ ಬೆಳೆದವು. ಉಳಿದವು ಮೈ ಹಿಡಿದವು. ಹದಿನಾಲ್ಕನೇ ವಾರ ತಕ್ಕಡಿ ಕಟ್ಟಿ ತೂಗಿದಾಗ ಖಾಲಾನವೂ ಸೇರಿ ಎಂಬತ್ತೊಂಬತ್ತು ಹಕ್ಕಿ ಸೇರು ಮುಟ್ಟಿದ್ದವು. ಅದೇ ವಾರ ಮೇ‌ಲಿನ ಕಚೇರಿಯಿಂದ ಉತ್ತರ ಬಂತು. ಆಳಂದಕ್ಕೆ ಬೇರೆಯವರನ್ನು ಹಾಕಿದ್ದರು. ನಾನು ಮುಂದಿನ ತಂಡ ಬರುವ ತನಕ ಜೇವರ್ಗಿಯಲ್ಲೇ ಇರಬೇಕು, ಇನ್ನು ಮುಂದೆ ಚೀಟಿಯನ್ನು ಇಬ್ಬರು ಓದಿ ಸಹಿ ಹಾಕಬೇಕು. ಈ ಕೊನೆಯ ಮಾತು ನ್ಯಾಯವಾಗಿತ್ತು. ಮೊದಲನೆಯದಕ್ಕೆ ನಾನು ದೊಡ್ಡಿಯ ಹಿಂದೆ ಹೋಗಿ ಅತ್ತೆ.

ಅದಾದ ನಾಲ್ಕು ದಿನಕ್ಕೆ ಅಂಬಿಗನೊಬ್ಬ ಒಂದು ಸಣ್ಣ ಚೀಲ ತಂದು ಕೊಟ್ಟ. ಆಳಂದದ ಕಡೆಯ ಮೋಟಾರಿನವರು ದಂಡೆಯಲ್ಲಿ ಇಳಿಸಿ ಹೋಗಿದ್ದರಂತೆ. ಬಿಚ್ಚಿದರೆ ಕಡಲೆ ನುಚ್ಚು. ಮನೆಯ ಕಡಲೆ, ಬೇಳೆ ಮಾಡಿ ಉಳಿದದ್ದು. ನಡುವೆ ಮಡಚಿದ ಒಂದು ಕಾಗದದ ಚೂರು ಇತ್ತು. ದೋಣಿಯ ತಳದ ನೀರು ತಾಗಿ ಚೀಲದ ಒಂದು ಮೂಲೆ ಒದ್ದೆಯಾಗಿತ್ತು, ಕಾಗದದ ಮಸಿಯೂ ಹರಡಿತ್ತು. ಒಂದೇ ಸಾಲು. ‘ಇದು ಚನಾ. ಶಿವರಾತ್ರಿ ಅಮಾಸಿಗೆ ಬರತೇನಿ.’

ಇಲ್ಲ, ‘ಬರಿತೇನಿ’ ಇರಬಹುದು. ರ ಅಕ್ಷರದ ನೆತ್ತಿಯ ಮೇಲೇ ಮಸಿ ಒಡೆದು ಮೋಡದ ಹಾಗೆ ನಿಂತಿತ್ತು. ಅಲ್ಲಿ ಗುಡಿಸು ಇದ್ದರೆ ಕಾಗದ ಬರೆಯುತ್ತೇನೆ ಎಂದು. ಇಲ್ಲದಿದ್ದರೆ ತಾನೇ ಬರುತ್ತೇನೆ ಎಂದು. ಬಿಸಿಲಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಡಾಕ್ಟರ್ ಸಾಹೇಬರಿಗೆ ತೋರಿಸೋಣವೆಂದರೆ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇಬ್ಬರು ಓದಿ ಸಹಿ ಹಾಕಬೇಕೆಂಬ ಹುಕುಂ ಎಷ್ಟು ಸರಿ ಅನ್ನಿಸಿತು! ಕೊನೆಗೆ ನಾನೊಬ್ಬನೇ ಓದಿದೆ. ಬರತೇನಿ.

ಶಿವರಾತ್ರಿ ಅಮಾವಾಸ್ಯೆಯ ಬೆಳಿಗ್ಗೆ ಮನೆ ಸಾರಿಸಿದೆ. ಕೈಯನ್ನು ಸೀಗೆಕಾಯಿ ಹಾಕಿ ಮೂರು ಸಲ ತೊಳೆದೆ. ಹೊಸಿಲ ಮುಂದೆ ರಂಗೋಲಿ ಹಾಕಬೇಕು, ಮನೆಯಲ್ಲಿ ರಂಗೋಲಿ ಪುಡಿ ಎಲ್ಲಿಯದು? ಉಳಿದ ಸುಣ್ಣಕಲ್ಲಿನ ಪುಡಿಯಿಂದಲೇ ನಾಲ್ಕು ಗೆರೆ ಎಳೆದೆ. ಬೂದು ಬಣ್ಣದ, ಸೊಟ್ಟ ಸೊಟ್ಟ ರಂಗೋಲಿ. ಆ ಪುಡಿ ಕಡೆಗೂ ಒಂದು ಒಳ್ಳೆಯ ಕೆಲಸಕ್ಕೆ ಬಂತು ಅಂದುಕೊಂಡೆ. ರೊಟ್ಟಿ ಪಕ್ಕದ ಮನೆಯಿಂದ ತಂದಿಟ್ಟು, ಎರಡು ಗಂಗಾಳ ತೊಳೆದು ಒಲೆಯ ಮುಂದೆ ಬೋರಲು ಹಾಕಿ, ದೋಣಿ ಬರುವ ಕಟ್ಟಿಸಂಗಾವಿಯ ದಂಡೆಗೆ ಹೋದೆ.

ಮಧ್ಯಾಹ್ನ ಆಚೆ ದಂಡೆಯಲ್ಲಿ ಮೋಟಾರಿನ ಧೂಳು ಎದ್ದಿತು. ದೋಣಿ ಬಿಟ್ಟಿತು. ಭೀಮೆಯಲ್ಲಿ ನೀರು ಇಳಿದಿತ್ತು, ಆದರೂ ಅದು ದಾಟುವಷ್ಟರಲ್ಲಿ ನನಗೆ ಒಂದು ಯುಗವಾಯಿತು. ಹಸಿರು ಸೀರೆಯೊಂದು ಕಂಡಿತು. ಹತ್ತಿರ ಬಂದಾಗ ಬೇರೆ ಯಾರೋ ಆಗಿದ್ದಳು. ಎಲ್ಲರೂ ಇಳಿದು ಹೋದರು. ಅಂಬಿಗ ನನ್ನನ್ನು ಗುರುತು ಹಿಡಿದು, ರುಮಾಲಿನ ಮಡಿಕೆಯಿಂದ ಒಂದು ಲಕೋಟೆ ತೆಗೆದ. “ಆಳಂದದವ್ರು ಕೊಟ್ಟಾರ್ರಿ. ಈ ಸಲ ನೀರು ಹತ್ತಗೊಟ್ಟಿಲ್ಲ ನೋಡ್ರಿ.”

ಬರಿತೇನಿ ಅಂದಿದ್ದಳು, ಬರೆದಿದ್ದಳು. ನಾನು ಎರಡನೆಯ ಸಲವೂ ತಪ್ಪು ಓದಿದ್ದೆ. ದಂಡೆಯ ಮರಳಿನಲ್ಲೇ ಕೂತು ಒಡೆದೆ.

‘ನೀವು ಬರೆದು ಕೊಟ್ಟ ತಪ್ಪೊಪ್ಪಿಗೆ ಅಪ್ಪ ಮೂರು ಸಲ ಓದ್ಯಾರ. ಕೆಂಪು ಮಸಿ ಹಿಡ್ಕೊಂಡೇ ಕೂತಿದ್ರು, ಒಂದು ಗೆರಿ ಎಳೀಲಿಲ್ಲ. “ಓದಿದ್ದು ತಪ್ಪು, ಬರದದ್ದು ಖರೇ. ಕೋಳಿ ಇದ್ರ ಇರ್ಲಿ, ನೀ ಹೋಗವ್ವ” ಅಂದ್ರು. ನಾ ಆವತ್ತೇ ಹೊಂಟಿದ್ದೆ. ಆದ್ರ ಅವರಿಗೆ ಜ್ವರ ಬಂದಾವ, ಹಿರೋಳ್ಳಿಯಿಂದ ಸೋದರತ್ತಿ ಬರೂ ತನಕ ಬಿಟ್ಟು ಬರ್ಲಿಕ್ಕೆ ಆಗಂಗಿಲ್ಲ. ನನಗೂ ದಿನಾ ಸಂಜಿ ನಿಮ್ಮ ನೆನಪಾಗ್ತದ. ನೀವು ಅದನ್ನ ಹೊಡದು ಹಾಕಿ ಮತ್ತ ಬರದದ್ದು ನೋಡಿದೆ. ಯುಗಾದಿಗೆ ಬರತೇನಿ. ನಿಮ್ಮ ಓದು ನನಗ ಗೊತ್ತದ, ಅದಕ್ಕ ಬಿಡಿಸಿ ಹೇಳ್ತೇನಿ. ಇದು ಬರೂದು. ಬರಿಯೂದಲ್ಲ.’

ಗುಡಿಸು ಇಲ್ಲದ ಆ ರ ಅಕ್ಷರವನ್ನು ಆಕೆ ಬಟಾಣಿ ಕಾಳಿನಷ್ಟು ದಪ್ಪಗೆ ತಿದ್ದಿ ತಿದ್ದಿ ಬರೆದಿದ್ದಳು. ಮನೆಗೆ ಬಂದು ಒಂದು ಗಂಗಾಳದಲ್ಲಿ ಉಂಡೆ. ಇನ್ನೊಂದನ್ನು ಎತ್ತಿ ಒಳಗಿಡಲು ಮನಸ್ಸು ಬರಲಿಲ್ಲ, ಅಲ್ಲೇ ಇರಲಿ ಎಂದು ಬಿಟ್ಟೆ. ಯುಗಾದಿಗೆ ಇನ್ನು ಒಂದು ತಿಂಗಳು ಇತ್ತು.